ಮಣಿಕಟ್ಟಿನ ನೀಲಿ ಗೆರೆ

ಹುಳಿ ಮಜ್ಜಿಗೆಯ ವಾಸನೆ ಬಂದರೆ ಇಂದಿಗೂ ನನ್ನ ಬಲ ಮಣಿಕಟ್ಟು ಸಣ್ಣಗೆ ತುರಿಸುತ್ತದೆ.

ಶಿಗ್ಲಿಯಲ್ಲಿ ನಾನು ಏಳನೆಯ ತರಗತಿಯಲ್ಲಿದ್ದಾಗ ಆ ಮಣಿಕಟ್ಟಿನ ಮೇಲೆ ಗಜಕರ್ಣದ ಕಲೆ ಎದ್ದಿತ್ತು. ಕಬಡ್ಡಿಯಲ್ಲಿ ಕೈ ಕೈ ಹಿಡಿದು ನಿಲ್ಲಬೇಕು, ನನ್ನ ಕೈಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹಬ್ಬದಿರಲಿ ಎಂದು ಕಲೆಯ ಸುತ್ತ ಪೆನ್ನಿನ ಶಾಯಿಯಿಂದ ಗೆರೆ ಎಳೆದುಕೊಂಡಿದ್ದೆ. ನಮ್ಮಲ್ಲಿ ಮಕ್ಕಳೆಲ್ಲ ಹಾಗೇ ಮಾಡುತ್ತಿದ್ದರು.

"ಗೆರಿ ಎಳದ್ರ ನಿಲ್ತೈತೇನ ಹುಚ್ಚಿ?" ಎಂದು ಅವ್ವ ನಕ್ಕಳು. ಹೊಲದ ಬದುವಿನ ತಗಚಿ ಗಿಡದ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಕಲ್ಲಿನ ಮೇಲೆ ಅರೆದು ದಿನವೂ ಹಚ್ಚಿದಳು. ಉರಿಗೆ ನಾನು ಕುಣಿದಾಡಿದರೂ ಬಿಡಲಿಲ್ಲ. ಗೆರೆ ಮಾಸಿದರೆ ಮತ್ತೆ ಅಷ್ಟೇ ಅಗಲ ತಿದ್ದಿಸುತ್ತಿದ್ದಳು. "ಇರಲಿ, ಅದು ಎಷ್ಟ ಹಿಂದ ಸರೀತೈತಿ ನೋಡೂಣು."

ಲಕ್ಷ್ಮೇಶ್ವರದವರೊಂದಿಗೆ ಕಬಡ್ಡಿ ಪಂದ್ಯವಿದ್ದ ಮಧ್ಯಾಹ್ನ ಅವ್ವ ಮೈದಾನಕ್ಕೇ ಬಂದಳು. ನನ್ನ ಕೈ ಎತ್ತಿ ನಮ್ಮ ತಂಡದ ಹುಡುಗಿಯರಿಗೆ ತೋರಿಸಿದಳು. "ನೋಡ್ರೆ, ಗೆರಿ ಒಳಗ ಏನರ ಐತೇನು?"

ಬರೀ ನುಣುಪು ಚರ್ಮವಿತ್ತು. ಆದರೂ ಯಾರೂ ಮಿಸುಕಲಿಲ್ಲ. ಅವ್ವ ನನ್ನ ಮಣಿಕಟ್ಟನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಆಗ ನಮ್ಮ ನಾಯಕಿ ಶಾಂತಾ ಮುಂದೆ ಬಂದಳು. ಬೆರಳು ಹಿಡಿಯಲಿಲ್ಲ, ಆ ಗೆರೆಯ ಮೇಲೇ ಬಿಗಿಯಾಗಿ ಹಿಡಿದಳು.

ಕೊನೆಯ ರೇಡಿಗೆ ಲಕ್ಷ್ಮೇಶ್ವರದ ತಂಡದ ಎತ್ತರದ ಹುಡುಗಿ ಬಂದಳು. ನಾವಿಬ್ಬರೂ ಹಿಡಿದ ಕೈ ಬಿಡದೆ ಸುತ್ತುವರಿದು ಅವಳನ್ನು ಮಣ್ಣಿಗೆ ಕೆಡವಿದೆವು. ಎದ್ದಾಗ ಬೆವರಿಗೆ ನನ್ನ ಶಾಯಿಯೆಲ್ಲ ಶಾಂತಾಳ ಅಂಗೈಗೆ ಮೆತ್ತಿಕೊಂಡಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಆ ನೀಲಿ ಕೈಯನ್ನು ಮೇಲೆತ್ತಿ ಕೂಗಿದಳು: "ಗೆದ್ವಿ!"