ಕಪ್ಪು ಉಡುಪು

ಪೆಟ್ಟಿಗೆಯ ತಳದಿಂದ ತೆಗೆದ ಕಪ್ಪು ಉಡುಪನ್ನು ನುರಿಯಾ ಅಮ್ಮನ ಮಡಿಲಲ್ಲಿಟ್ಟಳು. ಅಪ್ಪ ಸತ್ತ ದಿನ ಮೈಗೇರಿ, ಏಳು ವರ್ಷ ಇಳಿಯದಿದ್ದ ಶೋಕದ ಉಡುಪು ಅದು. ಈ ಈಸ್ಟರ್ ಹಬ್ಬಕ್ಕೆ ಅಮ್ಮ ಹಸಿಂತಾ ಕೊನೆಗೂ ಅದನ್ನು ಮಡಿಸಿಟ್ಟು ನೀಲಿ ಹೂವಿನದನ್ನು ತೊಟ್ಟಾಗ, ಬೀದಿಗೆ ಬೀದಿಯೇ ಬಂದು ಅವಳ ಕೆನ್ನೆಗೆ ಮುತ್ತಿಟ್ಟಿತ್ತು.

"ಸ್ವಲ್ಪ ಹೊತ್ತು ಅಷ್ಟೇ ಅಮ್ಮ. ಬಾಗಿಲಲ್ಲಿ ಕೂತು ಬುಟ್ಟಿ ಹೆಣಿ, ಸಾಕು. ಬೀಚ್ ಹೋಟೆಲಿಂದ ನಮ್ಮ ಮ್ಯಾನೇಜರ್ ಬರ್ತಿದ್ದಾರೆ. ಹಳೇ ಕಾಲದ ಊರು ಅನ್ನಿಸಿದ್ರೆ ಗುರುವಾರದ ಪ್ರವಾಸಕ್ಕೆ ನಮ್ಮೂರನ್ನ ಸೇರಿಸ್ತಾರೆ. ಇಲ್ದಿದ್ರೆ ನನ್ನ ಕೆಲಸಾನೂ ಹೋಗುತ್ತೆ."

"ನೀಲಿ ತೊಟ್ಟವಳಿಗೆ ಬುಟ್ಟಿ ಹೆಣೆಯೋಕೆ ಬರಲ್ವೇನೇ?"

"ಪ್ರವಾಸಿಗಳಿಗೆ ಫೋಟೋ ಬೇಕಮ್ಮ. ಸ್ಪೇನಿನ ಹಳ್ಳಿ ಮುದುಕಿ ಅಂದ್ರೆ ಅವರ ಕಣ್ಣಿಗೆ ಕಪ್ಪೇ." ಹಾಗೆನ್ನುವಾಗ ನುರಿಯಾಗೆ ಅಮ್ಮನ ಮುಖ ನೋಡಲಾಗಲಿಲ್ಲ.

ಹಸಿಂತಾ ಉಡುಪೆತ್ತಿಕೊಂಡು ಒಳಗೆ ಹೋದಳು. ಕಪ್ಪು ತೊಟ್ಟು ಬಂದು, ಕುರ್ಚಿಯನ್ನು ತಾನೇ ಹೊಸಿಲಾಚೆ ಎಳೆದುಕೊಂಡು ಕೂತು, ಬುಟ್ಟಿ ಕೈಗೆತ್ತಿಕೊಂಡಳು. ಅಬ್ಬಾ, ಒಪ್ಪಿದಳಲ್ಲ ಎಂದುಕೊಂಡ ನುರಿಯಾ, ಬಗ್ಗಿ ಅವಳ ಕತ್ತಿನ ಗುಂಡಿ ಹಾಕತೊಡಗಿದಳು.

ಎದುರುಮನೆಯ ತೊಮಾಸಾ ಕೈಯಲ್ಲಿದ್ದ ಪೊರಕೆ ಬಿಸಾಕಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತ ಓಡಿಬಂದಳು.

"ಅಯ್ಯೋ ದೇವರೇ, ಹಸಿಂತಾ, ಮತ್ತೆ ಕಪ್ಪಾ! ಯಾರು ಹೋದ್ರೇ?"

ಹಸಿಂತಾ ಬುಟ್ಟಿಯಿಂದ ತಲೆ ಎತ್ತಲಿಲ್ಲ.

"ಮಗಳು," ಎಂದಳು.