ಕೊಕ್ಕೆಯಲ್ಲಿ ಉಳಿದ ಬಿಲ್ಲೆ

"ತಗೋ, ನಿಮ್ಮಮ್ಮನ ಆಸ್ತಿ," ಎನ್ನುತ್ತಾ ದೊಡ್ಡಮ್ಮ ಹದಿನೇಳನೆಯ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಹುಡುಗಿಯ ಪುಸ್ತಕದ ಮೇಲಿಟ್ಟಳು. "ಇವತ್ತೂ ಕೊಕ್ಕೆಯಲ್ಲೇ ಮರೆತು ಬಂದಿದ್ದಾಳೆ. ಸೂಪರ್‌ವೈಸರ್ ಕಣ್ಣಿಗೆ ಬಿದ್ದಿದ್ರೆ ಬೆಳಿಗ್ಗೆ ಎಲ್ಲರೆದುರು ನಿಲ್ಲಿಸಿ ನೀರಿಳಿಸ್ತಿದ್ದ. ಈ ವಾರ ಎರಡು ಸಲ ಆಗಿದೆ. ಅದಕ್ಕೇ ಸದ್ದಿಲ್ಲದೆ ಎತ್ಕೊಂಡು ಬಂದೆ."

ಹುಡುಗಿ ತಲೆ ಎತ್ತಲಿಲ್ಲ. ನೌಕರಿಯ ಪರೀಕ್ಷೆಗೆ ಇನ್ನು ಹತ್ತೇ ದಿನ. ಒಂದು ವಾರದಿಂದ ಅವಳು ಒಂದೇ ಅಧ್ಯಾಯಕ್ಕೆ ಅಂಟಿಕೊಂಡಿದ್ದಳು. ಅದರಲ್ಲಿ ಒಂದು ಮಾತು ಕೊಟ್ಟಿರುತ್ತಾರೆ. ಆಡಿದವರು ಬಾಯಿಬಿಟ್ಟು ಹೇಳದೆ ನಿಜವೆಂದೇ ನಂಬಿಕೊಂಡದ್ದು ಏನೆಂದು ಹುಡುಕಬೇಕು. ಮನೆಯಲ್ಲಿ ಯಾರು ಏನಂದರೂ ಹಿಡಿದು ಜಾಲಾಡುವುದು ಅವಳಿಗೆ ಚಾಳಿಯಾಗಿಬಿಟ್ಟಿತ್ತು. ಬೆಳಿಗ್ಗೆ ಅಮ್ಮ "ಕೊಡೆ ತಗೊಂಡು ಹೋಗೇ" ಎಂದದ್ದಕ್ಕೆ, "ಮಳೆ ಬರಬಹುದು ಅನ್ನೋದು ಒಂದು, ನಮ್ಮ ಕೊಡೆ ತೂತಾಗಿಲ್ಲ ಅನ್ನೋದು ಇನ್ನೊಂದು" ಎಂದು ಎರಡು ಬೆರಳು ಮಡಚಿದ್ದಳು.

"ಮರೆತು ಬಂದಿದ್ದಾಳೆ," ಎಂದು ಈಗಲೂ ಒಂದು ಬೆರಳು ಮಡಚಿದಳು. "ಇದರಲ್ಲೂ ಒಂದು ಊಹೆ ಅಡಗಿದೆ, ದೊಡ್ಡಮ್ಮ."

"ಶುರುವಾಯ್ತು! ನಿನ್ನ ಪರೀಕ್ಷೆ ಮುಗಿಯೋವರೆಗೂ ನಾವೆಲ್ಲ ಬಾಯಿಗೆ ಬೀಗ ಹಾಕ್ಕೊಂಡಿರಬೇಕು. ಏನು ತಾಯಿ ಅದು?"

"ಅಮ್ಮ ಹೊರಗೆ ಬಂದಿದ್ದಾಳೆ ಅಂತ."

ಹೇಳಿ ಮುಗಿಸುವಷ್ಟರಲ್ಲಿ ಹುಡುಗಿಯ ನಗು ಅರ್ಧಕ್ಕೇ ನಿಂತಿತು. "ಅಮ್ಮ ಎಲ್ಲಿ?"

"ಇನ್ನೂ ಬಂದಿಲ್ವಾ? ನನಗಿಂತ ಮುಂಚೆ ಹೊರಟಳಲ್ಲ."

"ನೀನು ನೋಡಿದ್ಯಾ?"

ದೊಡ್ಡಮ್ಮ ನೋಡಿರಲಿಲ್ಲ. ಕೈ ತೊಳೆಯುವಾಗ ತಂಗಿ ಪಕ್ಕದಲ್ಲಿರಲಿಲ್ಲ, ಬಸ್ಸಿನಲ್ಲೂ ಇರಲಿಲ್ಲ. ತರಕಾರಿ ತರಲು ಮೊದಲೇ ಓಡಿರಬೇಕು ಎಂದುಕೊಂಡಿದ್ದಳು. ಕೊಕ್ಕೆಯಲ್ಲಿ ಬಿಲ್ಲೆಯೊಂದೇ ನೇತಾಡುತ್ತಿತ್ತು. ಪಾಪ ಅನ್ನಿಸಿತ್ತು, ಅಷ್ಟೇ.

ಅಕ್ಕತಂಗಿಯರಿಗೆ ಬಟಾಣಿಯನ್ನು ಹೆಪ್ಪುಗಟ್ಟಿಸಿ ಪೆಟ್ಟಿಗೆಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಪೆಟ್ಟಿಗೆ ಜೋಡಿಸುವ ಕೋಣೆಯಲ್ಲಿ ಮೈನಸ್ ಹದಿನೆಂಟು ಡಿಗ್ರಿ. ಅದರ ಬಾಗಿಲಿನ ಒಳಗಿನ ಹಿಡಿ ಮುರಿದು ಎರಡು ತಿಂಗಳಾಗಿತ್ತು. ಬಾಗಿಲು ಮುಚ್ಚಿಕೊಂಡರೆ ಹೊರಗಿನವರೇ ತೆಗೆಯಬೇಕು. ರಿಪೇರಿಯವನು ಬರುವವರೆಗೆ ಇರಲಿ ಎಂದು ಸೂಪರ್‌ವೈಸರ್ ಹೊರಗೋಡೆಗೆ ಒಂದು ಹಲಗೆ ಹೊಡೆಸಿದ್ದ. ಒಳಗೆ ಹೋಗುವವರು ತಮ್ಮ ಬಿಲ್ಲೆಯನ್ನು ಅದರ ಕೊಕ್ಕೆಗೆ ಹಾಕಬೇಕು, ಹೊರಗೆ ಬಂದ ಮೇಲೆ ತೆಗೆದುಕೊಳ್ಳಬೇಕು. ಸಂಜೆ ಐದೂವರೆಗೆ ವಾಚ್‌ಮನ್ ಹಲಗೆ ನೋಡುತ್ತಾನೆ. ಖಾಲಿಯಿದ್ದರೆ ಬಾಗಿಲಿಗೆ ಬೀಗ. ಕೋಟು ತೊಟ್ಟಿದ್ದರೂ ಅರ್ಧ ಗಂಟೆಗಿಂತ ಹೆಚ್ಚು ಒಳಗೆ ನಿಲ್ಲಬಾರದು ಎಂದು ಆ ಬಾಗಿಲ ಮೇಲೆಯೇ ಕೆಂಪಕ್ಷರದಲ್ಲಿ ಬರೆದಿದೆ.

ಗೋಡೆಯ ಗಡಿಯಾರದಲ್ಲಿ ಆರು ಗಂಟೆ ಹತ್ತು ನಿಮಿಷ.

ಹುಡುಗಿ ಅಮ್ಮನಿಗೆ ಫೋನ್ ಹಚ್ಚಿದಳು. "ರಿಂಗ್ ಆಗ್ತಿದೆ, ಎತ್ತುತ್ತಿಲ್ಲ."

"ಕೆಲಸದ ಹೊತ್ತಲ್ಲಿ ಫೋನ್ ಲಾಕರಲ್ಲಿರುತ್ತೆ ಕಣೇ, ಒಳಗೆ ಒಯ್ಯೋ ಹಾಗಿಲ್ಲ," ಎಂದ ದೊಡ್ಡಮ್ಮನ ಕಣ್ಣು ಬಿಲ್ಲೆಯ ಮೇಲೆ ಬಿತ್ತು. ತರಕಾರಿಗೆ ಹೋದವಳು ಫೋನನ್ನು ಲಾಕರಿನಲ್ಲಿ ಬಿಟ್ಟು ಹೋಗುತ್ತಾಳೆಯೇ?

ದೊಡ್ಡಮ್ಮ ಸ್ಪೀಕರ್ ಹಾಕಿ ವಾಚ್‌ಮನ್‌ಗೆ ಫೋನ್ ಮಾಡಿದಳು. ಅವನು ಎರಡನೇ ರಿಂಗಿಗೇ ಎತ್ತಿದ. "ಹಲಗೆ ಖಾಲಿ ಇತ್ತಮ್ಮಾ. ಕಣ್ಣಾರೆ ನೋಡಿಯೇ ಬೀಗ ಹಾಕಿದ್ದು. ಒಳಗೆ ಯಾರೂ ಇಲ್ಲ."

"ಹಲಗೆ ಖಾಲಿ ಮಾಡಿದ್ದು ನಾನಪ್ಪಾ!" ದೊಡ್ಡಮ್ಮನ ದನಿ ಅವಳಿಗೇ ಗುರುತು ಸಿಗಲಿಲ್ಲ. "ನನ್ನ ತಂಗಿ ಬಿಲ್ಲೆ ಇಲ್ಲಿ ನನ್ನ ಹತ್ರ ಇದೆ. ನಿನ್ನ ಕಾಲು ಹಿಡೀತೀನಿ, ಬಾಗಿಲು ತೆಗಿ!"

ಅವನು ಫೋನ್ ಇಡಲಿಲ್ಲ. ಓಡುವ ಬೂಟಿನ ಸದ್ದು. ಕೀಗೊಂಚಲಿನ ಸದ್ದು. ಒಂದು ಕೀ ಹಾಕಿದ, ಅದಲ್ಲ. ಇನ್ನೊಂದು, ಅದೂ ಅಲ್ಲ. ಹುಡುಗಿ ದೊಡ್ಡಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಚಿಕ್ಕಂದಿನಲ್ಲಿ ಜಾತ್ರೆಯ ಜನಸಂದಣಿಯಲ್ಲಿ ಹಿಡಿಯುತ್ತಿದ್ದ ಹಾಗೆ. ಕೊನೆಗೆ ಬಾಗಿಲ ರಬ್ಬರು ಕಿತ್ತುಬಂದ ಸದ್ದು, ಹಿಂದೆಯೇ ಫ್ಯಾನುಗಳ ಮೊರೆತ. ಆ ಮೊರೆತದಲ್ಲಿ ಒಳಗಿನಿಂದ ಎಷ್ಟು ಬಡಿದರೂ ಹೊರಗೆ ಯಾರಿಗೆ ಕೇಳಬೇಕು?

"ಅಮ್ಮಾ! ಯಾರಿದ್ದೀರಿ ಒಳಗೆ?" ವಾಚ್‌ಮನ್ ಕೂಗಿದ. ಉತ್ತರವಿಲ್ಲ. ಯಾವುದೋ ಪೆಟ್ಟಿಗೆ ಬಿತ್ತು. ಆಮೇಲೆ ಬಹಳ ಹೊತ್ತು ಬರೀ ಫ್ಯಾನು.

"ಕಂಬಳಿ!" ಅವನು ಯಾರಿಗೋ ಕಿರುಚಿದ. "ಗೇಟಿನ ರೂಮಲ್ಲಿ ನನ್ನ ಕಂಬಳಿ ಇದೆ, ತನ್ರೋ ಬೇಗ!"

ದೊಡ್ಡಮ್ಮ ಹುಡುಗಿಯ ಮುಖ ನೋಡಿದಳು. "ಕಂಬಳಿ ಅಂದ. ಹಾಗಂದ್ರೆ ಜೀವ ಇದೆ ಅಂತ ತಾನೇ? ಹೇಳೇ, ನೀನು ಓದಿದ್ದೀಯಲ್ಲ."

ಹುಡುಗಿ ಈ ಸಲ ಬೆರಳು ಮಡಚಲಿಲ್ಲ. ಕಂಬಳಿ ಹೊದಿಸುವುದು ಎರಡು ಕಾರಣಕ್ಕೆ. ಕತ್ತಿನವರೆಗೆ ಹೊದಿಸುತ್ತಾರೆ, ಮುಖದವರೆಗೂ ಹೊದಿಸುತ್ತಾರೆ. ಅದನ್ನು ತಿಳಿಯಲು ಯಾವ ಪುಸ್ತಕವೂ ಬೇಕಿರಲಿಲ್ಲ.

ಎಷ್ಟು ಹೊತ್ತಾಯಿತೋ. ಫ್ಯಾನಿನ ಸದ್ದು ದೂರವಾಯಿತು. ಫೋನಿನಲ್ಲಿ ಏದುಸಿರು ಕೇಳಿಸಿತು.

"ಅಮ್ಮಾ, ಇದ್ದೀರಾ ಲೈನಲ್ಲಿ? ಹಿಂದಿನ ಸಾಲಲ್ಲಿ ಮುದುರಿ ಕೂತಿದ್ರು. ಹಲ್ಲು ಕಟಕಟ ಅಂತಿದೆ, ಮಾತು ಹೊರಡ್ತಿಲ್ಲ. ಡಾಕ್ಟರಿಗೆ ಫೋನ್ ಮಾಡಿದೀವಿ. ನನ್ನ ಫ್ಲಾಸ್ಕಲ್ಲಿ ಬಿಸಿ ಚಹಾ ಇದೆ, ಆದ್ರೆ ಸಕ್ಕರೆ ಹಾಕಿದ್ದು. ಇವರಿಗೆ ಸಕ್ಕರೆ ಕಾಯಿಲೆ ಏನಾದ್ರೂ ಇದೆಯಾ? ಇರಲಿಕ್ಕಿಲ್ಲ ಅಂತ ನಾನೇ ಅಂದ್ಕೊಂಡು ಕುಡಿಸೋಕೆ ಈಗ ಧೈರ್ಯ ಬರ್ತಿಲ್ಲಮ್ಮಾ."