ಜಗಲಿಯ ಮೇಲಿನ ಕಪ್ಪು

ಸೊಸೆ ಮಂಡಿಯೂರಿ ಕೂತು ಮತ್ತೊಮ್ಮೆ ಉಜ್ಜಿದಳು. ಹಿತ್ತಲ ಕಡೆಯ ಮರದ ಜಗಲಿಯೆಲ್ಲ ಫಳಫಳ ಹೊಳೆಯುತ್ತಿತ್ತು, ಕಂಬಿಯ ಪಕ್ಕದ ಆ ಕಪ್ಪು ಹನಿಗಳನ್ನು ಬಿಟ್ಟು.

"ಟೀ ಚೆಲ್ಲಿದ್ದು ಅಂದಿರಿ. ಸೋಪಿನ ನೀರು ಹಾಕಿದೆ, ಹೋಗಲಿಲ್ಲ."

"ಹಾಗಾದ್ರೆ ತುಕ್ಕಿರಬೇಕು," ಎಂದರು ಮಾವ, ಪೇಪರಿನ ಹಿಂದಿನಿಂದ.

"ತುಕ್ಕಿಗೆ ಅಂತ ನಿಂಬೆಹಣ್ಣೂ ಉಜ್ಜಿದ್ದಾಯ್ತು."

"ಕಾಗೆ ಗೀಗೆ ಏನಾದ್ರೂ..."

"ಯಾವ ಕಾಗೆ ಮಾವ, ಇಷ್ಟು ನೀಟಾಗಿ ಒಂದೇ ಸಾಲಲ್ಲಿ?"

ಜಗಲಿಗೆ ವಾರ್ನಿಷ್ ಬಳಿದವಳು ಅವಳೇ. ಒಂದೊಂದು ಪದರ ಒಣಗುವ ತನಕ ಹಿಂಬಾಗಿಲಿಗೆ ಅಡ್ಡ ಕುರ್ಚಿ ಇಟ್ಟು, ಯಾರನ್ನೂ ಆಚೆ ಬಿಟ್ಟಿರಲಿಲ್ಲ. ಆ ಪದರ ಒಮ್ಮೆ ಕಿತ್ತುಹೋದರೆ ನೀರು ಮರದೊಳಕ್ಕೆ ಇಳಿಯುತ್ತದೆ. ಆಮೇಲೆ ಎಲ್ಲ ಮೊದಲಿಂದ. ಆದರೂ ಬೇರೆ ದಾರಿ ಕಾಣಲಿಲ್ಲ. ಸ್ಯಾಂಡ್‌ಪೇಪರ್ ಮಡಿಸಿ ಕಲೆಯ ಮೇಲಿಟ್ಟಳು.

"ತಡಿಯಮ್ಮ." ಮುಖದ ಮುಂದಿನ ಪೇಪರ್ ಕೆಳಗಿಳಿಯಿತು. ಮಾವ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಅದು ತಲೆಗೆ ಹಚ್ಚೋ ಬಣ್ಣ."

ಸೊಸೆ ಅವರ ತಲೆಯನ್ನೇ ನೋಡಿದಳು. ಕಾಡಿಗೆಯಂಥ ಕೂದಲು. ತಾನು ಕಾಸಿದ ಎಣ್ಣೆಯ ಮಹಿಮೆ ಅಂತ ಅತ್ತೆ ಬಂದವರಿಗೆಲ್ಲ ತೋರಿಸುವ ಕೂದಲು.

"ಬಚ್ಚಲಲ್ಲಿ ಹಚ್ಕೊಳ್ಳೋಕೆ ಏನಾಗಿತ್ತು?"

"ಅಲ್ಲಿ ಬೆಳಕು ಸಾಲಲ್ಲ. ಮೊದಲನೇ ನರೆ ಕಂಡಾಗಲೇ ಶುರು ಮಾಡಿದ್ದು. ಅವಳಿಗೆ ಗೊತ್ತಾಗಬಾರದು ಕಣಮ್ಮ. ಆ ಎಣ್ಣೆ ಅಂದ್ರೆ ಅವಳಿಗೆ ಎಷ್ಟು ಹೆಮ್ಮೆ, ನೋಡಿದೀಯಲ್ಲ."

ಸೊಸೆ ಒಳಗೆ ಹೋಗಿ ಟೂತ್‌ಪೇಸ್ಟು, ಒಂದು ಹಳೆಯ ಬ್ರಷ್ಷು ತಂದಳು. ಮೆಲ್ಲಗೆ, ಹಲ್ಲುಜ್ಜುವ ಹಾಗೆಯೇ ತಿಕ್ಕಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕಪ್ಪು ಹೋಯಿತು, ವಾರ್ನಿಷ್ ಉಳಿಯಿತು.

"ಇಷ್ಟಕ್ಕೆ ನನ್ನ ಸೊಂಟ ಮುರಿಸಿದಿರಲ್ಲ ಮಾವ."

ಮಾವ ಪೇಪರ್ ಮೇಲೆತ್ತಿಕೊಂಡು ಒಳಗೊಳಗೇ ನಕ್ಕರು.

ಅಷ್ಟರಲ್ಲಿ ಅತ್ತೆ ಬಟ್ಟಲಲ್ಲಿ ಬಿಸಿ ಎಣ್ಣೆ ತಂದು ಅವರ ಕುರ್ಚಿಯ ಹಿಂದೆ ನಿಂತರು. ನೆತ್ತಿಯ ಮೇಲೆ ಸುರಿದು ತಟ್ಟತೊಡಗಿದರು. "ನೋಡು, ಒಂದಾದ್ರೂ ಬಿಳಿ ಇದೆಯಾ? ಎಲ್ಲ ಇದರ ಗುಣ." ಮಾವ ಕಣ್ಣು ಮುಚ್ಚಿ, ತಲೆ ಒಪ್ಪಿಸಿ ಕೂತರು.

ತಿಕ್ಕುತ್ತಿದ್ದ ಬೆರಳು ಅವರ ಕಿವಿಯ ಹಿಂದೆ ಬಂದು ನಿಂತಿತು. ಅಲ್ಲೊಂದು ಕಪ್ಪು ಗೆರೆ. ಸೊಸೆ ಬ್ರಷ್ಷನ್ನು ಒದ್ದೆ ಬಟ್ಟೆಯ ಕೆಳಗೆ ಸರಿಸಿದಳು. ಅತ್ತೆ ಟವೆಲಿನ ತುದಿಯಿಂದ ಅದನ್ನು ಒರೆಸಿ, ಕಪ್ಪಾದ ತುದಿ ಒಳಗೆ ಹೋಗುವ ಹಾಗೆ ಟವೆಲನ್ನು ಮಡಿಸಿ, ಮತ್ತೆ ನೆತ್ತಿ ತಟ್ಟತೊಡಗಿದರು.

ಸೊಸೆ ಅತ್ತೆಯ ತಲೆಯನ್ನು ಇವತ್ತು ಮೊದಲ ಸಲ ನೋಡುವವಳಂತೆ ನೋಡಿದಳು. ಹತ್ತಿಯ ಹಾಗೆ ಬೆಳ್ಳಗಿತ್ತು.

"ಬಟ್ಟಲಲ್ಲಿ ಇನ್ನೂ ಇದೆಯಲ್ಲ ಅತ್ತೆ," ಎಂದಳು. "ಕೂತ್ಕೊಳ್ಳಿ, ನಿಮ್ಮ ತಲೆಗೂ ನಾನು ಹಚ್ತೀನಿ."

"ನನಗೆ ಬೇಡ," ಎಂದರು ಅತ್ತೆ.